ಗುತ್ತೇದಾರನ ಬಸ್ಸು

ಮನೆ ಕಟ್ಟುವ ಕೂಲಿಗೆಂದು ಇಂಡಿ ಕಡೆಯಿಂದ ನಾಸಿಕದ ಸಾತಪುರಕ್ಕೆ ಬಂದಿದ್ದ ಮಲಕವ್ವನಿಗೆ ಕೆಂಪು ಬಸ್ಸಿನ ಭಯವಿರಲಿಲ್ಲ, ಅದು ಸರಕಾರದ್ದು. ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಊರೊಳಗಿನ ಬಸ್ಸುಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟು, ಕೆಂಪು ಹೋಗಿ ಹಳದಿ ಬಂತು ನೋಡಿ, ಅಲ್ಲಿಂದ ಶುರುವಾಯಿತು ಫಜೀತಿ. ಇದು ಗುತ್ತೇದಾರನ ಬಸ್ಸಂತೆ ಎಂದು ಯಾರೋ ಹೇಳಿದ್ದೇ ತಡ, ಮುದುಕಿ ಅದರ ತಂಟೆಯೇ ಬೇಡ ಎಂದುಬಿಟ್ಟಳು.

ಅವಳದು ತಪ್ಪೆನ್ನಲೂ ಬಾರದು. ಕೂಲಿಯವರ ಕಟ್ಟುಪಾಡೇ ಹಾಗಿತ್ತು: ಯಾವ ಗುತ್ತೇದಾರನ ಗಾಡಿ ಹತ್ತಿದಿರೋ ಅವತ್ತಿಗೆ ನೀವು ಅವನ ಆಳು. ಮಲಕವ್ವ ಗುತ್ತೇದಾರ ಸಾಯಬಣ್ಣನ ಆಳು. ಅವಳಿದ್ದ ತಗಡಿನ ಶೆಡ್ಡೂ ಅವನದೇ. ಬೇರೆಯವನ ಗಾಡಿ ಹತ್ತಿದ್ದಕ್ಕೆ ಹಿಂದೊಮ್ಮೆ ಇಡೀ ಸಂಸಾರವನ್ನೇ ಶೆಡ್ಡಿನಿಂದ ಎಬ್ಬಿಸಿದ್ದ ಪುಣ್ಯಾತ್ಮ.

ಮಗಳು ಚನಬಸವ್ವ ಸರಕಾರಿ ದವಾಖಾನೆಯಲ್ಲಿ ಹಡೆದು ಮಲಗಿದ್ದಳು. ಕೆಲಸ ಮುಗಿಸಿ, ಗಂಜಿಯ ಡಬ್ಬಿ ಹಿಡಿದು ಮಲಕವ್ವ ನಡೆದೇ ಹೊರಟಳು. ತಲುಪುವಷ್ಟರಲ್ಲಿ ಗೇಟು ಹಾಕಿತ್ತು. ಎಷ್ಟು ಬೇಡಿಕೊಂಡರೂ ಕಾವಲಿನವನು ಬಿಡಲಿಲ್ಲ. ಹಸಿ ಬಾಣಂತಿ ಒಳಗೆ, ಗಂಜಿ ಹೊರಗೆ! ದಾರಿಯುದ್ದಕ್ಕೂ ಅತ್ತುಕೊಂಡೇ ತಿರುಗಿ ಬಂದಳು.

ಮರುದಿನ ಸಂಜೆ ಮತ್ತೆ ರಸ್ತೆಯಂಚಿನಲ್ಲಿ ದಾಪುಗಾಲು ಹಾಕುತ್ತಿದ್ದಾಗ ಹಳದಿ ಬಸ್ಸು ಪಕ್ಕಕ್ಕೇ ಬಂದು ನಿಂತಿತು. ಡ್ರೈವರ್ ಧರ್ಮಣ್ಣ ಸಿಂದಗಿಯವನು. ಇಳಕಲ್ ಸೀರೆ ನೋಡಿಯೇ ತನ್ನ ಕಡೆಯವಳೆಂದು ಗುರುತು ಹಿಡಿದಿದ್ದ.

"ಹತ್ತಬೇ ಯವ್ವಾ, ಎಲ್ಲಿಗೆ ಹೊಂಟಿ?"

"ದವಾಖಾನಿಗೆ. ನಾ ಹತ್ತಂಗಿಲ್ಲಪಾ. ನಮ್ಮ ಗುತ್ತೇದಾರ ಬ್ಯಾರೆ."

ಧರ್ಮಣ್ಣನಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ನಗು ತಡೆಯಲಾಗಲಿಲ್ಲ.

"ಏ ಯವ್ವಾ, ಮುನಿಸಿಪಾಲ್ಟಿಯವ್ರು ಬಸ್ ಓಡ್ಸಾಕ ಈ ಬಸ್ಸಿನಂವಗ ಗುತ್ತಿಗಿ ಕೊಟ್ಟಾರ. ಅವನ ಆಳು ನಾನು, ನೀ ಅಲ್ಲ! ಟಿಕೇಟ ತಗೋ, ಕುಂಡ್ರು, ಇಳದ್ ಹೋಗು."

"ನಾಳೆ ಅಂವ ನನ್ನ ಕೆಲ್ಸಕ್ಕ ಕರ್ಯಾಂಗಿಲ್ಲಾ?"

"ಕರದ್ರ ನನ್ನ ಕೇಳು."

ಡಬ್ಬಿಯನ್ನೊಮ್ಮೆ ನೋಡಿ ಮಲಕವ್ವ ಹತ್ತಿಯೇಬಿಟ್ಟಳು. ಕಂಡಕ್ಟರ್ ಅವಳ ಕೈಗೆ ಟಿಕೆಟ್ ಕೊಟ್ಟ. ಕೂರಲು ಜಾಗ ಹುಡುಕಿ ತಲೆಯೆತ್ತಿದರೆ, ಕಿಟಕಿಯ ಪಕ್ಕ ಕೂತವನು ಬೇರಾರೂ ಅಲ್ಲ, ಸಾಯಬಣ್ಣ! ಇಳಿಯೋಣವೆಂದರೆ ಬಸ್ಸು ಹೊರಟಾಗಿತ್ತು. ಹೋದರೆ ಶೆಡ್ಡು ಹೋಗಲಿ, ಮಗಳು ಇವತ್ತೂ ಉಪವಾಸವಿರಬಾರದು ಎಂದು ಮನಸ್ಸು ಗಟ್ಟಿ ಮಾಡಿದಳು.

"ಏನ್ ಮಲಕವ್ವಾ, ಈ ಗಾಡಿ ಹತ್ತೀದಿ?" ಸಾಯಬಣ್ಣ ಹುಬ್ಬು ಗಂಟಿಕ್ಕಿದ.

"ಟಿಕೇಟ ತಗೊಂಡೇನ್ರೀ. ನೀವೂ ತಗೊಂಡೀರಲ್ಲ?"

ಅವನ ಬೆರಳ ಸಂದಿಯಲ್ಲೂ ಅಂಥದೇ ಒಂದು ಚೀಟಿ ಇತ್ತು.

ಖಾಲಿಯಿದ್ದದ್ದು ಅವನ ಪಕ್ಕದ ಸೀಟೊಂದೇ. ಅವನ ಟ್ರ್ಯಾಕ್ಟರಿನಲ್ಲಿ ಅವಳು ಯಾವಾಗಲೂ ಹಿಂದೆ ಉಸುಕಿನ ಮೇಲೆ ಕೂತು ಬಂದವಳು. ಇವತ್ತು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕೂತಳು.

"ಸ್ವಲ್ಪ ಸರೀರಿ, ಗಂಜಿ ಚೆಲ್ಲತೈತಿ."

ಸಾಯಬಣ್ಣ ಸರಿದ.

ದವಾಖಾನೆಯ ಗೇಟು ಇನ್ನೂ ತೆರೆದೇ ಇತ್ತು. ಚನಬಸವ್ವ ಗಂಜಿಯನ್ನು ಬಿಸಿಯಿರುವಾಗಲೇ ಕುಡಿದಳು.