ಹಳದಿ ಚೀಲಕ್ಕೆ ಬಿದ್ದ ಪೊಟ್ಟಣ

ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಜೊತೆಯವರು ಅವಳಿಗೆ ಹದ್ದಕ್ಕ ಎಂದು ಹೆಸರಿಟ್ಟಿದ್ದರು. ಹೊರದೇಶದಿಂದ ಬರುವವರ ಪೆಟ್ಟಿಗೆಯಲ್ಲಿ ತಿನ್ನುವ ಪದಾರ್ಥ ಅಡಗಿದ್ದರೆ ಅವಳ ಕಣ್ಣು ತಪ್ಪಿಸಿಕೊಂಡು ಹೋಗುವುದು ಸುಲಭವಿರಲಿಲ್ಲ. ಕಾಲುಚೀಲದೊಳಗೆ ತುರುಕಿದ ಮಾಂಸ, ಮಗುವಿನ ಡೈಪರ್‌ಗಳ ನಡುವೆ ಮಲಗಿಸಿದ ಮೊಟ್ಟೆ, ಶಾಂಪೂ ಬಾಟಲಿಗೆ ತುಂಬಿದ ಜೇನುತುಪ್ಪ, ಹತ್ತೊಂಬತ್ತು ವರ್ಷದಲ್ಲಿ ಅವಳು ಎಲ್ಲವನ್ನೂ ಕಂಡಿದ್ದಳು. ಅತ್ತವರಿದ್ದರು, ಹಿಡಿಶಾಪ ಹಾಕಿದವರಿದ್ದರು. ಒಬ್ಬ ಮುದುಕನಂತೂ ಅಂಗೈಯಗಲದ ಚೀಸ್ ಗಟ್ಟಿಯನ್ನು ಅವಳೆದುರೇ ನಿಂತು ತಿಂದು ಮುಗಿಸಿ, ಈಗ ಹೊಟ್ಟೆಯನ್ನೇ ಕಿತ್ತುಕೋ ಎಂದು ಹೊರಟುಹೋಗಿದ್ದ. ಅವಳು ಯಾವುದಕ್ಕೂ ಜಗ್ಗಿದವಳಲ್ಲ.

ಅವಳ ತಾಯಿ ಆರು ತಿಂಗಳು ಹೊರದೇಶದಲ್ಲಿ ಕಿರಿಮಗಳ ಮನೆಯಲ್ಲಿದ್ದು ವಾಪಸಾದದ್ದು ಒಂದು ಬುಧವಾರ ಬೆಳಿಗ್ಗೆ. ಅಕ್ಕ ತಂಗಿಗೆ ಮಾತು ನಿಂತು ಆಗ ಎಂಟು ವರ್ಷ. ತಂದೆ ತೀರಿಕೊಂಡಾಗ ತಂಗಿಗೆ ರಜೆ ಸಿಗದೆ ಬರಲಾಗಿರಲಿಲ್ಲ. ನಿನಗೆ ಅಪ್ಪ ಇರಲೇ ಇಲ್ಲ ಅಂದುಕೋ, ಇನ್ನು ಈ ಮನೆ ಹೊಸ್ತಿಲು ತುಳಿಯಬೇಡ ಎಂದು ಅಕ್ಕ ಫೋನಿನಲ್ಲೇ ಕಡ್ಡಿ ಮುರಿದಂತೆ ಹೇಳಿದ್ದಳು. ಅಂದಿನಿಂದ ಇಬ್ಬರ ನಡುವಿನ ಸುದ್ದಿಯೆಲ್ಲ ತಾಯಿಯ ಬಾಯಿಯಿಂದಲೇ ಆಚೀಚೆ ಹೋಗಬೇಕಾಗಿತ್ತು.

ಸಾಲಿನಲ್ಲಿ ತಾಯಿ ಹಿಂದುಮುಂದಿನವರಿಗೆಲ್ಲ ತನ್ನ ಮಗಳೇ ಇಲ್ಲಿ ಆಫೀಸರು ಎಂದು ಹೇಳಿಕೊಳ್ಳುತ್ತಿದ್ದುದು ಹದ್ದಕ್ಕನಿಗೆ ದೂರದಿಂದಲೇ ಕೇಳಿಸಿತು. ಪೆಟ್ಟಿಗೆ ಯಂತ್ರದೊಳಗೆ ಹೋದಾಗ ಪರದೆಯ ಮೇಲೆ ಬಟ್ಟೆಗಳ ನಡುವೆ ಕಿತ್ತಳೆ ಬಣ್ಣದ ಗಟ್ಟಿ ಮುದ್ದೆಯೊಂದು ಕಾಣಿಸಿತು. ತಾಯಿ ಕೊಟ್ಟ ಚೀಟಿಯಲ್ಲಿ ಆಹಾರ ಪದಾರ್ಥ ಇಲ್ಲ ಎಂದು ಗುರುತು ಹಾಕಿತ್ತು. ವಿಮಾನದಲ್ಲಿ ಪಕ್ಕದ ಸೀಟಿನವನು ತುಂಬಿಕೊಟ್ಟಿದ್ದನಂತೆ.

ನೆಂಟರ ಪೆಟ್ಟಿಗೆಯನ್ನು ಬೇರೆಯವರಿಗೆ ಬಿಡಬೇಕೆಂಬ ನಿಯಮವಿತ್ತು. ಪಕ್ಕದ ಮೇಜಿನವನು ಮೃದು ಮನುಷ್ಯ, ಕೈ ಬೀಸಿದ್ದರೆ ಬರುತ್ತಿದ್ದ. ಆದರೆ ಕಂಬದ ಬಳಿ ಮೇಲಧಿಕಾರಿ ಕೈಕಟ್ಟಿ ನಿಂತಿದ್ದ. ಭಾವಮೈದುನನ ಪೆಟ್ಟಿಗೆಯನ್ನು ನೋಡದೆ ಬಿಟ್ಟ ಒಬ್ಬನನ್ನು ಹೋದ ತಿಂಗಳಷ್ಟೇ ಅಮಾನತು ಮಾಡಿದ್ದ. ತಾನು ಅಂಥವಳಲ್ಲ ಎಂದು ಅವನ ಕಣ್ಣೆದುರೇ ತೋರಿಸಿಬಿಡಬೇಕು ಅನ್ನಿಸಿತು ಅವಳಿಗೆ. ಕೈಗವಸು ಎಳೆದುಕೊಂಡು ತಾನೇ ಪೆಟ್ಟಿಗೆ ತೆರೆದಳು.

ಹಳೆಯ ಟವೆಲ್ಲಿನಲ್ಲಿ ಸುತ್ತಿದ ಪೊಟ್ಟಣ. ಒಳಗೆ ಉಪ್ಪು, ಕಾಳುಮೆಣಸು ಸವರಿ ಒಣಗಿಸಿದ ಮಾಂಸ.

"ಇದನ್ನ ಬಿಡೋಕಾಗಲ್ಲಮ್ಮ," ಎಂದಳು.

ತಾಯಿ ಮೊದಲು ನಕ್ಕಳು, ಮಗಳು ತಮಾಷೆ ಮಾಡುತ್ತಿದ್ದಾಳೆಂದು. ಆಮೇಲೆ ಮಗಳ ಮುಖ ನೋಡಿದಳು. ಸಾಲಿನವರೂ ನೋಡುತ್ತಿದ್ದರು. ತಗ್ಗಿದ ದನಿಯಲ್ಲಿ, ಎರಡು ತುಂಡಾದರೂ ಇರಲಿ ಕಣೇ ಎಂದು ಬೇಡಿಕೊಂಡಳು. ಹದ್ದಕ್ಕ ಪೊಟ್ಟಣವನ್ನು ತೂಗಿ, ಹಳದಿ ಚೀಲಕ್ಕೆ ಹಾಕಿ, ಬಾಯಿ ಬಿಗಿದು ಸೀಲು ಒತ್ತಿ, ಸಹಿಗೆಂದು ಕಾಗದ ಮುಂದಿಟ್ಟಳು. ತಾಯಿಗೆ ಓದು ಬರಹ ಬಾರದು. ಮಗಳು ಇಂಕಿನ ಡಬ್ಬಿ ಮುಂದೆ ಸರಿಸಿದಳು. ತಾಯಿ ಹೆಬ್ಬೆಟ್ಟು ಒತ್ತಿ, ಬೆರಳನ್ನು ತನ್ನ ಬಟ್ಟೆಗೇ ಒರೆಸಿಕೊಂಡಳು.

"ಅದು ನಾನು ಮಾಡಿದ್ದಲ್ಲ," ಎಂದಳು. "ನಿನ್ನ ತಂಗಿ ಮಾಡಿದ್ದು. ನಿನಗೆ ಅಂಚಿನ ಕಪ್ಪಗಾದ ತುಂಡೇ ಇಷ್ಟ ಅಂತ ನಾಲ್ಕು ದಿನ ಕೂತು ಅದನ್ನೇ ಆರಿಸಿದ್ಳು. ಅಕ್ಕ ತಿಂದ ಮೇಲೆ ಹೇಳಮ್ಮ, ನಾನೇ ಫೋನ್ ಮಾಡ್ತೀನಿ ಅಂದಿದ್ಳು."

ಅಷ್ಟು ಹೇಳಿ ಪೆಟ್ಟಿಗೆ ಎಳೆದುಕೊಂಡು ಹೋದಳು. ಹಿಂದಿನವನು ಆಗಲೇ ತನ್ನ ಪೆಟ್ಟಿಗೆಯನ್ನು ಮೇಜಿನ ಮೇಲೆತ್ತಿದ್ದ.

ಮಧ್ಯಾಹ್ನ ಪಾಳಿ ಮುಗಿದ ಮೇಲೆ ಹದ್ದಕ್ಕ ಹಿಂಬದಿಯ ತಣ್ಣನೆಯ ಕೋಣೆಗೆ ಹೋದಳು. ಸುಡುವುದಕ್ಕೆ ಒಯ್ಯುವ ಲಾರಿ ಬರುವುದು ಸಂಜೆಗೆ. ಚೀಲಗಳ ರಾಶಿಯಲ್ಲಿ ತಾನು ಸೀಲು ಮಾಡಿದ್ದು ಮೇಲೇ ಇತ್ತು, ಟವೆಲ್ಲಿನ ನೀಲಿ ಅಂಚು ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಕಾಣುತ್ತಿತ್ತು. ಕೋಣೆಯಲ್ಲಿ ಯಾರೂ ಇರಲಿಲ್ಲ. ಸೀಲು ಒಡೆದರೆ ನೌಕರಿ ಹೋಗುತ್ತದೆ. ಕೈ ಚಾಚಿದಳು, ಹಿಂದಕ್ಕೆಳೆದುಕೊಂಡಳು. ನಿಯಮಕ್ಕೆ ಹೆದರಿದೆನೋ ನಾಚಿದೆನೋ ಅವಳಿಗೇ ತಿಳಿಯಲಿಲ್ಲ. ಕಾಲು ಮರಗಟ್ಟುವಷ್ಟು ಹೊತ್ತು ನಿಂತು ಬಾಗಿಲು ಹಾಕಿಕೊಂಡು ಬಂದಳು.

ಬಸ್ ಸ್ಟಾಪಿನಲ್ಲಿ ಕೂತು, ಎಂಟು ವರ್ಷದಿಂದ ಒತ್ತದ ನಂಬರನ್ನು ಒತ್ತಿದಳು. ತಂಗಿ ಎರಡನೇ ರಿಂಗಿಗೇ ಎತ್ತಿದಳು.

"ನಾನು ಕಣೇ," ಎಂದಳು ಹದ್ದಕ್ಕ. "ನೀನು ಕಳಿಸಿದ್ದು ತಲುಪ್ತು."

"ತಿಂದ್ಯಾ ಅಕ್ಕ?"

"ತಿಂದೆ."

"ಉಪ್ಪು ಸರಿಯಿತ್ತಾ?"

"ಸರಿಯಾಗಿತ್ತು. ಅಪ್ಪ ಮಾಡ್ತಿದ್ದ ಹಾಗೇ ಇತ್ತು."

"ಅಮ್ಮ ಟ್ಯಾಕ್ಸಿಯಿಂದಾನೇ ಫೋನ್ ಮಾಡಿದ್ಳು," ಎಂದಳು ತಂಗಿ. "ಬಿಸಾಕಿದ್ದು ನಿನ್ನ ಕೆಲಸ ಅಕ್ಕ, ಅದನ್ನ ನುಂಗಿಕೊಂಡಿದ್ದೆ. ಬಿಸಾಕಿದೆ ಅಂತ ನೀನೇ ಹೇಳ್ತೀಯೇನೋ ಅಂತಲೇ ತಿಂದ್ಯಾ ಅಂತ ಕೇಳಿದ್ದು. ಈ ಸುಳ್ಳಿಗೆ ಅಪ್ಪನ್ನೂ ಎಳ್ಕೊಂಡು ಬಂದ್ಯಲ್ಲ."

ಫೋನು ಕಟ್ಟಾಯಿತು. ಹದ್ದಕ್ಕ ಮತ್ತೆ ಮಾಡಿದಳು, ಮನೆಗೆ ಹೋದ ಮೇಲೂ ಮಾಡಿದಳು. ತಂಗಿ ಎತ್ತಲಿಲ್ಲ. ಆ ವರ್ಷ ಎತ್ತಲಿಲ್ಲ, ಮುಂದಿನ ವರ್ಷವೂ ಎತ್ತಲಿಲ್ಲ. ತಾಯಿಯೂ ಇತ್ತಲಿನ ಸುದ್ದಿ ಅತ್ತ ಹೇಳುವುದನ್ನು ಬಿಟ್ಟಳು. ಯಾಕಮ್ಮ ಎಂದು ಕೇಳಿದರೆ, ಸಾಕಾಯ್ತು ಎಂದಷ್ಟೇ ಹೇಳಿ ಬೇರೆ ಕೋಣೆಗೆ ಹೋಗುತ್ತಿದ್ದಳು.

ಪೊಟ್ಟಣ ಹಿಡಿದ ಆ ತಿಂಗಳ ಕೊನೆಯ ಸಭೆಯಲ್ಲಿ ಮೇಲಧಿಕಾರಿ ಅವಳನ್ನು ಎಬ್ಬಿಸಿ ನಿಲ್ಲಿಸಿ, ಹೆತ್ತ ತಾಯಿಯ ಪೆಟ್ಟಿಗೆಯನ್ನೂ ಬಿಡದ ಇಂಥವರಿಂದಲೇ ಇಲಾಖೆಗೆ ಮರ್ಯಾದೆ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಪಕ್ಕದ ಮೇಜಿನ ಮೃದು ಮನುಷ್ಯ ಮಾತ್ರ ತಟ್ಟದೆ ತನ್ನ ಬೂಟಿನ ಕಡೆ ನೋಡುತ್ತಿದ್ದ. ಅವಳು ಥ್ಯಾಂಕ್ಸ್ ಹೇಳಿ ಕೂತಳು.