ಮೊದಲ ತಾಂಬೂಲ ಯಾರಿಗೆ

ನನಗೆ ಹಠ ಜಾಸ್ತಿ ಎಂದು ನನ್ನ ಗಂಡ ಜಯತೀರ್ಥ ನ್ಯೂಜೆರ್ಸಿಯ ಎಡಿಸನ್ನಿನಿಂದ ಹ್ಯಾರಿಸನ್ನಿನವರೆಗಿನ ಕನ್ನಡದವರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಸುಳ್ಳೇನಲ್ಲ. ಆ ಹಠ ಇಲ್ಲದಿದ್ದರೆ ನಾನು ಎರಡನೇ ಸಲ ಡೋರೀನ್ ಮನೆಯ ಕಡೆ ತಲೆ ಹಾಕುತ್ತಿರಲಿಲ್ಲ.

ತುಮಕೂರಿನ ನನ್ನ ತವರಲ್ಲಿ ಒಂದು ಪದ್ಧತಿ ಇತ್ತು. ಹೊಸ ಮನೆಗೆ ಹೋದರೆ, ಆ ನೆಲ ಮೊದಲು ಯಾರದಾಗಿತ್ತೋ ಅವರನ್ನು ಕೂರಿಸಿ ಮೊದಲ ತಾಂಬೂಲ ಕೊಡಬೇಕು. ೧೯೮೬ರಲ್ಲಿ ಕೆಂಡಲ್ ಪಾರ್ಕಿನಲ್ಲಿ ಮನೆ ಕೊಂಡಾಗ, ಮಾರಿದ ಮುದುಕನಿಗೆ ಕೊಟ್ಟು ಕೈ ತೊಳೆದುಕೊಂಡಿದ್ದೆ. ಮರುವರ್ಷ ಮಗಳು ಮಂಜರಿ ಸ್ಕೂಲಿನಿಂದ ಬಂದವಳೇ, "ಅಮ್ಮಾ, ಎ ಲೆನಾಪೆ ಲೇಡಿ ಕೇಮ್ ಟು ಅವರ್ ಕ್ಲಾಸ್. ದಿಸ್ ವಾಸ್ ಆಲ್ ದೇರ್ ಲ್ಯಾಂಡ್" ಎಂದಳು. ಲೆನಾಪೆ ಎಂದರೆ ಬಿಳಿಯರು ಬರುವ ಮುಂಚಿನಿಂದಲೂ ಇಲ್ಲಿದ್ದ ಜನ. ತಾಂಬೂಲ ತಪ್ಪು ಕೈ ಸೇರಿತ್ತು.

ಟೀಚರ್ ಮೂಲಕ ಕೇಳಿಸಿದಾಗ, ನಾನು ತಮ್ಮ ಮನೆಗೆ ಬರಲು ಆಕೆ ಒಪ್ಪಿದರು. ಹೆಸರು ಡೋರೀನ್, ಊರು ದಕ್ಷಿಣ ಜೆರ್ಸಿಯ ಬ್ರಿಡ್ಜ್‌ಟನ್, ಕೆಲಸ ಸ್ಕೂಲ್ ಬಸ್ ಓಡಿಸುವುದು. ತಾಂಬೂಲದ ತಟ್ಟೆಯ ಜೊತೆ ಮಂಜರಿಗೆ ಚಿಕ್ಕದಾದ ಕೋಟು, ಜಯತೀರ್ಥರ ಹಳೆಯ ಸ್ವೆಟರುಗಳನ್ನೂ ಒಂದು ಚೀಲಕ್ಕೆ ತುಂಬಿಕೊಂಡು ಹೋದೆ. ಡೋರೀನ್ ಚೀಲದೊಳಗೆ ನೋಡಿದರು. ತಟ್ಟೆಯನ್ನೂ ಚೀಲವನ್ನೂ ನನ್ನ ಕೈಗೇ ವಾಪಸಿಟ್ಟರು.

"ನನ್ನ ಹತ್ತಿರ ಕೋಟಿದೆ. ಬೇಕಾದವರಿಗೆ ಕೊಡಿ."

ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ಅರ್ಧ ದಾರಿಯವರೆಗೂ "ಎಷ್ಟು ಜಂಬ!" ಎಂದು ಬೈದುಕೊಂಡೇ ಬಂದೆ. ಆಮೇಲೆ ನಾಲಿಗೆ ಕಚ್ಚಿಕೊಂಡೆ. ತವರಲ್ಲಿ ಹಳೆಬಟ್ಟೆ ಕೊಡುತ್ತಿದ್ದದ್ದು ಹಿತ್ತಲ ಬಾಗಿಲಿಗೆ ಬಂದವರಿಗೆ. ತಾಂಬೂಲ ಪಡೆಯುವವರಿಗೆ ಹಳೆಬಟ್ಟೆ ತೋರಿಸಿದ್ದರೆ ಅಮ್ಮ ನನ್ನ ಕೈ ಮುರಿಯುತ್ತಿದ್ದಳು. ಡೋರೀನ್ ಅವರ ಮುಖವನ್ನೂ ನೋಡುವ ಮೊದಲೇ ಆಕೆ ಬಡವಿ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ನಾಚಿಕೆಯಿಂದ ಎರಡು ದಿನ ಊಟ ಸೇರಲಿಲ್ಲ.

ಅಕ್ಟೋಬರಿನಲ್ಲಿ ಹಿತ್ತಲಲ್ಲಿ ಅವರೆಕಾಯಿ ಬಿಟ್ಟಿತು. ಮೊದಲ ಕೊಯ್ಲನ್ನು ಮನೆಯಲ್ಲಿ ಯಾರಿಗೂ ಮುಟ್ಟಗೊಡಲಿಲ್ಲ. ಎಲೆ, ಅಡಿಕೆ, ತೆಂಗಿನಕಾಯಿ, ಹೊಸ ರವಿಕೆ ಕಣದ ಪಕ್ಕ ತಟ್ಟೆಯಲ್ಲಿಟ್ಟೆ.

"ಒಂದ್ಸಲ ಮುಖಕ್ಕೆ ಹೊಡ್ದಂಗೆ ಹೇಳಿಸ್ಕೊಂಡಿದ್ದು ಸಾಲ್ದಾ ನಳಿನಾ?" ಎಂದರು ಜಯತೀರ್ಥ.

"ತಪ್ಪು ನಂದು ಕಣ್ರೀ. ನೀವ್ ಡ್ರೈವ್ ಮಾಡ್ತೀರೋ, ನಾನೇ ಬಸ್ ಹಿಡೀಲೋ?"

ಡ್ರೈವ್ ಮಾಡಿದರು.

"ಮತ್ತೆ ನೀವಾ?" ಎಂದರು ಡೋರೀನ್, ಬಾಗಿಲನ್ನು ಅರ್ಧ ತೆರೆದು.

ಬಂದ ಇಂಗ್ಲಿಷಿನಲ್ಲಿ ಹೇಳಿದೆ: "ಅವತ್ತು ಬಡವರಿಗೆ ತಂದಂತೆ ತಂದೆ. ಕ್ಷಮಿಸಿ. ಇದು ನಮ್ಮಲ್ಲಿ ಹೊಸ ಮನೆಗೆ ಹೋದವರು ಆ ನೆಲದ ಹಿರಿಯರಿಗೆ ಕೊಡುವುದು."

"ಅಲ್ಲಿರಲು ಅನುಮತಿ ಕೇಳುತ್ತಿದ್ದೀರಾ?"

"ಕೇಳುವ ಕಾಲ ಮೀರಿತು. ಆಗಲೇ ಇದ್ದುಬಿಟ್ಟಿದ್ದೇವೆ. ಥ್ಯಾಂಕ್ಸ್ ಹೇಳಲು ಬಂದೆ."

ಆಕೆ ಬಾಗಿಲು ಪೂರ್ತಿ ತೆರೆದರು. ಹೊರಗೆ ಬಂದು ಜಗಲಿಯ ಕುರ್ಚಿಯಲ್ಲಿ ಕೂತರು. ನಾನು ಬಗ್ಗಿ ತಟ್ಟೆ ಹಿಡಿದೆ. ಒಂದು ಅವರೆಕಾಯಿ ಮುರಿದು ಮೂಸಿದರು. ಸೊಗಡು ಬೆರಳಿಗಂಟಿತು.

"ಇದು ಆ ಮಣ್ಣಿನದ್ದಾ?"

"ಹೌದು."

ಎರಡೂ ಕೈಯಲ್ಲಿ ತಟ್ಟೆ ತೆಗೆದುಕೊಂಡರು. ನನಗೆ ಅಳು ಬಂತು, ಅತ್ತುಬಿಟ್ಟೆ. ಒಂದು ದೊಡ್ಡ ಕರ್ತವ್ಯ ಮುಗಿಸಿದೆ ಅನ್ನಿಸಿತು.

"ಮುಂದಿನ ವರ್ಷವೂ ಆ ಮನೆಯಲ್ಲೇ ಇರುತ್ತೀರಾ?" ಎಂದು ಡೋರೀನ್ ಕೇಳಿದರು.

"ಇರುತ್ತೇವೆ."

"ಹಾಗಾದರೆ ಮುಂದಿನ ವರ್ಷವೂ ಬನ್ನಿ."

ಕಾರು ಹತ್ತಿದಾಗ ಜಯತೀರ್ಥ ಕೇಳಿದರು, "ಮುಗೀತಾ?"

"ಇಲ್ಲ. ಆ ಮನೇಲಿರೋವರ್ಗೂ ಮುಗಿಯಲ್ಲ."