ಹಸಿರು ಕಡ್ಡಿಗಳು

ಕೆಲಸದಿಂದ ಬಂದ ನೋಲಾ ಹೆಗಲ ಚೀಲವನ್ನೂ ಇಳಿಸದೆ ಹಿತ್ತಿಲಲ್ಲಿ ನಿಂತುಬಿಟ್ಟಳು. ರಾಸ್ಪ್‌ಬೆರಿ ಸಾಲಿನ ಪಕ್ಕದಲ್ಲಿ ಕತ್ತರಿಸಿದ ಕಡ್ಡಿಗಳ ರಾಶಿ ಬಿದ್ದಿತ್ತು. ಎಲ್ಲವೂ ಹಸಿರು. ತಂತಿಯ ಮೇಲೆ ಅಚ್ಚುಕಟ್ಟಾಗಿ ಗಂಟು ಹಾಕಿ ಕಟ್ಟಿದ್ದು ಒಣಗಿದ ಕಂದು ಕಡ್ಡಿಗಳನ್ನು.

ಬೇಸಿಗೆಯಲ್ಲಿ ಹಣ್ಣು ಕೊಟ್ಟ ಕಡ್ಡಿ, ಇಲ್ಲಿ ಚಳಿ ಶುರುವಾಗುವ ಏಪ್ರಿಲ್ ಹೊತ್ತಿಗೆ ಸತ್ತಿರುತ್ತದೆ. ಅದನ್ನು ಬುಡಕ್ಕೆ ಕತ್ತರಿಸಿ, ಹೊಸದಾಗಿ ಎದ್ದ ಹಸಿರನ್ನು ಮುಂದಿನ ಹಣ್ಣಿಗೆಂದು ತಂತಿಗೆ ಕಟ್ಟಬೇಕು. ಹುವಾನ್ ನದಿಯ ಈ ದಂಡೆಯಲ್ಲಿ ಅರ್ಧ ಊರಿಗೆ ಅದನ್ನು ಕಲಿಸಿದವಳೇ ಅಕ್ಕ ಈನಿಡ್.

ಎರಡು ಚಳಿಗಾಲದಿಂದ ಈನಿಡ್‌ಗೆ ಮರೆವು. ಒಲೆ ಆರಿಸುವುದಿಲ್ಲ, ಬುಧವಾರ ಟೋಪಿ ಹಾಕಿಕೊಂಡು ಚರ್ಚಿಗೆ ಹೊರಡುತ್ತಾಳೆ. ವೃದ್ಧಾಶ್ರಮಕ್ಕೆ ಸೇರಿಸೋಣವೆಂದು ಅಣ್ಣನ ಮಗಳು ಮರಿಯನ್ ಹಟ ಹಿಡಿದಾಗ, ಅಕ್ಕನ ಕೈ ರಾಸ್ಪ್‌ಬೆರಿ ಕತ್ತರಿಸುವುದರಲ್ಲಿ ತಪ್ಪಿದ ದಿನ ತಾನೇ ಅಲ್ಲಿಗೆ ಕರೆದೊಯ್ದು ಬಿಡುವುದಾಗಿ ನೋಲಾ ಅಕ್ಕನ ಎದುರಲ್ಲೇ ಮಾತು ಕೊಟ್ಟಿದ್ದಳು. ಆ ಕೈ ತಪ್ಪುವುದಿಲ್ಲ ಎಂಬ ಧೈರ್ಯ. ಮರಿಯನ್ ಈ ಭಾನುವಾರ ಬರುವವಳಿದ್ದಳು.

ಈನಿಡ್ ಮೆಟ್ಟಿಲ ಮೇಲೆ ಕೂತು ಕೈಗವಸು ಕಳಚುತ್ತಿದ್ದಳು. "ನೀನು ಬರೋಷ್ಟರಲ್ಲಿ ಮುಗಿಸ್ಬಿಟ್ಟೆ ನೋಡು. ದೇವರು ಕೈಯಲ್ಲಿ ಇನ್ನೂ ಬಲ ಇಟ್ಟಿದಾನೆ."

"ಚೆನ್ನಾಗಿ ಕಟ್ಟಿದೀಯ ಅಕ್ಕ," ಎಂದಳು ನೋಲಾ. ಅದು ಸುಳ್ಳಲ್ಲ.

ಬೆಳಗಿನಿಂದ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆದು ಅವಳ ಸೊಂಟ ಬಿದ್ದುಹೋಗಿತ್ತು. ಬೇಲಿಯಾಚೆಯಿಂದ ಪಕ್ಕದ ಮನೆಯ ಡೆಸ್ಮಂಡ್ ಸಣ್ಣಗೆ ಕರೆದ. ಮಧ್ಯಾಹ್ನದಿಂದ ಎಲ್ಲವನ್ನೂ ನೋಡಿದ್ದನಂತೆ, ಈನಿಡ್‌ಗೆ ತಪ್ಪೆಂದು ಹೇಳಲು ಮನಸ್ಸಾಗಲಿಲ್ಲವಂತೆ.

"ನಿಮ್ಮ ಗಿಡಗಳು ಬೇಲಿ ಕೆಳಗೆ ನುಸುಳಿ ಬಂದು, ಬಾಡಿಗೆ ಕೊಡದೆ ನನ್ನ ಹುಲ್ಲಲ್ಲಿ ಕೂತಿವೆ. ನಿಮ್ಮಕ್ಕನ ಹತ್ರ ಜಗಳ ಆಡೋಕೆ ಅಂತ ಕೀಳದೆ ಬಿಟ್ಟಿದ್ದೆ. ಅಗೆದು ತಗೊಂಡ್ಹೋಗು." ಆಮೇಲೆ ದನಿ ಇಳಿಸಿದ. "ಭಾನುವಾರ ಬರೋಳಿಗೆ ಏನ್ ಗೊತ್ತಾಗತ್ತೆ?"

ಮರಿಯನ್‌ಗೆ ಗೊತ್ತಾಗುವುದಿಲ್ಲ, ನಿಜ. ನೋಲಾ ಅವನಿಂದ ಗುದ್ದಲಿ ಇಸಿದುಕೊಂಡಳು.

ಎಳೆಯ ಗಿಡಗಳನ್ನು ಬೇರುಸಹಿತ ಅಗೆದು ತಂದು ಸಾಲಿನಲ್ಲಿ ಗುಂಡಿ ತೋಡಿದಳು. ಒದ್ದೆ ಮಣ್ಣು ಗುದ್ದಲಿಗೆ ಮೆತ್ತಿಕೊಳ್ಳುತ್ತಿತ್ತು. ಈನಿಡ್ ಎದ್ದು ಬಂದು, ಈಗ ಇವನ್ನು ನೆಡುವುದೇಕೆಂದು ಕೇಳಿದಳು. ಸಾಲು ತೆಳ್ಳಗಾಗಿದೆಯಲ್ಲ ಎಂದಳು ನೋಲಾ, ತಲೆಯೆತ್ತದೆ.

ಈನಿಡ್ ರಾಶಿಯಿಂದ ಒಂದು ಕಡ್ಡಿ ಎತ್ತಿಕೊಂಡಳು. ಬಗ್ಗಿಸಿದಳು, ಅದು ಮುರಿಯಲಿಲ್ಲ. ಕತ್ತರಿಸಿದ ತುದಿಯ ತೇವವನ್ನು ಹೆಬ್ಬೆರಳಿನಿಂದ ಒರೆಸಿ ಬಹಳ ಹೊತ್ತು ನೋಡಿದಳು.

"ನೋಲಿ, ಹಸಿರನ್ನೇ ಕತ್ತರಿಸಿದೀನಿ ಅಲ್ವಾ?"

ನೋಲಾ ಮಣ್ಣು ಎಳೆಯುತ್ತಲೇ ಇದ್ದಳು.

"ಮರಿಯನ್‌ಗೆ ನಾನೇ ಹೇಳ್ತೀನಿ ಬಿಡು. ನೀನು ಹೇಳೋಕೆ ಹೋದ್ರೆ ಅಳ್ತೀಯ. ಆಮೇಲೆ ಅವಳಿಗೆ ಟೀ ಮಾಡೋರ್ಯಾರು?"

"ಗಿಡ ನೆಟ್ಟಗೆ ಹಿಡ್ಕೋ ಅಕ್ಕ."

ಈನಿಡ್ ಬಗ್ಗಿ ಎರಡು ಬೆರಳಲ್ಲಿ ಹಿಡಿದಳು. ನೋಲಾ ಸುತ್ತಲೂ ಮಣ್ಣು ತುಂಬಿ ಹಿಮ್ಮಡಿಯಿಂದ ಮೆಲ್ಲಗೆ ತುಳಿದಳು. ಗುಡ್ಡದ ನೆರಳು ಹಿತ್ತಿಲಿಗೆ ಇಳಿದಿತ್ತು. ಗಿಡ ತಾನಾಗಿ ನಿಂತ ಮೇಲೂ ಈನಿಡ್ ಬೆರಳು ತೆಗೆಯಲಿಲ್ಲ. ತೆಗೆ ಎಂದು ನೋಲಾಳೂ ಹೇಳಲಿಲ್ಲ.